ನಾನು ಖಾಲಿ ಎಂದು ಬರೆದ ಜಾಗ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವಳು ನಾನು. ಯಾವ ನಕ್ಷೆ ಕೊಟ್ಟರೂ ಕಣ್ಣು ಮುಚ್ಚಿ ಓದಬಲ್ಲೆ ಎಂದು ಜಂಬ ಕೊಚ್ಚಿಕೊಂಡದ್ದೂ ಉಂಟು. ಅಂಥವಳು ನಿವೃತ್ತಿಯಾದ ಮೇಲೆ, ಬೋಗಾದಿಯ ಹಳೇ ಊರಿನ ಒಂದು ಬೀದಿಯಲ್ಲಿ ನೆಲದ ಮೇಲೆ ಬರೆದ ನಕ್ಷೆಯೊಂದನ್ನು ಓದಲಾರದೆ, ಒಬ್ಬ ಹೆಂಗಸು ತನ್ನ ಹಿಟ್ಟಿನ ಮಿಲ್ಲನ್ನೇ ಮಾರಲು ಒಪ್ಪುವ ಹಾಗೆ ಮಾಡಿದ್ದೆ. ಇದನ್ನು ಬರೆಯಲು ಮೂರು ವರ್ಷ ಮನಸ್ಸೇ ಬಂದಿರಲಿಲ್ಲ. ಈಗ ನಾಚಿಕೆ ಸ್ವಲ್ಪ ಹಳತಾಗಿದೆ, ಬರೆಯಬಹುದು.

ನಮ್ಮದು ಲಕ್ಷ್ಮೀಪುರಂ. ಅಜ್ಜ ಅರಮನೆಯ ಕಾಗದಪತ್ರಗಳನ್ನು ಕಾಯುತ್ತಿದ್ದವರು, ಅಪ್ಪ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಊರಿಗೆಲ್ಲ ಬುದ್ಧಿ ಹೇಳುವುದು ನಮ್ಮ ಮನೆಯವರಿಗೆ ರಕ್ತದಲ್ಲೇ ಬಂದ ಕಾಯಿಲೆ. ನಿವೃತ್ತಿಯಾಗಿ ಆರು ತಿಂಗಳಾಗುವಷ್ಟರಲ್ಲಿ ನನ್ನ ಬುದ್ಧಿಮಾತು ಕೇಳಿ ಕೇಳಿ ಮನೆಯವರು ಸುಸ್ತಾಗಿದ್ದರು. ಆಗ ಹಳೆಯ ಸಹೋದ್ಯೋಗಿಯೊಬ್ಬರು ಒಂದು ಸಣ್ಣ ಸಂಸ್ಥೆಗೆ ಸೇರಿಸಿದರು. ಅಲ್ಲಿನ ಕೆಲಸ ಕೇಳುವುದಕ್ಕೆ ಸುಲಭ. ಒಂದು ಬೀದಿಯ ಜನರ ಜೊತೆ ಕೂತು, ಅವರಲ್ಲಿ ಏನೇನಿದೆ ಎಂದು ಮೊದಲು ಅವರಿಂದಲೇ ಪಟ್ಟಿ ಮಾಡಿಸಬೇಕು. ಆಮೇಲೆ ಏನು ಸುಧಾರಿಸಬೇಕು, ಅದರಲ್ಲಿ ತಾವೇ ಮಾಡಿಕೊಳ್ಳಬಹುದಾದದ್ದು ಯಾವುದು, ವಾರ್ಡ್ ಕಚೇರಿಯನ್ನು ಕೇಳಬೇಕಾದದ್ದು ಯಾವುದು ಎಂದು ಅವರೇ ಯೋಜನೆ ಬರೆಯುವ ಹಾಗೆ ಮಾಡಬೇಕು. ತರಬೇತಿಯಲ್ಲಿ ಎರಡು ಮಾತನ್ನು ಒತ್ತಿ ಹೇಳಿದ್ದರು. ಬೀದಿಯ ನಕ್ಷೆಯನ್ನು ಜನರೇ ಬರೆಯಬೇಕು, ಅದನ್ನು ಕಾಗದಕ್ಕೆ ಇಳಿಸುವುದೂ ಅವರೇ. ಆಮೇಲೆ ಅವರ ಜೊತೆ ಬೀದಿ ಪೂರ್ತಿ ನಡೆದು, ನಕ್ಷೆಗೂ ನೆಲಕ್ಕೂ ತಾಳೆ ನೋಡಬೇಕು. ನಾನು ಹಿಂದಿನ ಕುರ್ಚಿಯಲ್ಲಿ ಕೂತು, ಇದನ್ನೆಲ್ಲ ನನಗೆ ಹೇಳಿಕೊಡಬೇಕೇ ಎಂದು ಮೂಗು ಮುರಿದಿದ್ದೆ.

ಬೋಗಾದಿ ಈಗ ಹೆಸರಿಗೆ ಮಾತ್ರ ಹಳ್ಳಿ. ಸುತ್ತ ಬಡಾವಣೆಗಳು, ಹುಡುಗರ ಪಿಜಿಗಳು, ಕಟ್ಟುತ್ತಿರುವ ಮನೆಗಳ ಮುಂದೆ ಜಲ್ಲಿ ರಾಶಿ. ನನಗೆ ವಹಿಸಿದ ಬೀದಿ ಇವುಗಳ ನಡುವೆ ಹೇಗೋ ಉಳಿದುಕೊಂಡಿತ್ತು. ನಲವತ್ತು ಚಿಲ್ಲರೆ ಮನೆ, ಒಂದು ತುದಿಯಲ್ಲಿ ಮಾರಮ್ಮನ ಗುಡಿ. ಹೊಲಗಳೆಲ್ಲ ಸೈಟುಗಳಾದ ಮೇಲೆ ಇಲ್ಲಿಯ ಗಂಡಸರು ಆಟೋ ಓಡಿಸುವುದು, ಗಾರೆ ಕೆಲಸ, ವೈರಿಂಗ್ ಎಂದು ಹಂಚಿಹೋಗಿದ್ದರು. ಹೆಂಗಸರು ಪಿಜಿಗಳಲ್ಲಿ ಅಡುಗೆ ಮಾಡುತ್ತಿದ್ದರು, ಇಲ್ಲವೆ ಮನೆಯಲ್ಲೇ ಹೊಲಿಗೆ, ಹಪ್ಪಳ. ಮಧ್ಯಾಹ್ನ ಮೂರರ ಹೊತ್ತಿಗೆ ಅವರಿಗೆ ಬಿಡುವು. ಗುಡಿಯ ಜಗಲಿಯ ಮೇಲೆ ನಮ್ಮ ಸಭೆ.

ಮೊದಲನೇ ದಿನ ನಾನು ನಗುನಗುತ್ತಾ, ನಿಮ್ಮ ಬೀದಿಯಲ್ಲಿ ಏನೇನು ಒಳ್ಳೆಯದಿದೆ ಹೇಳಿ ಎಂದು ಕೇಳಿದೆ. ಏನೂ ಇಲ್ಲ ಎಂದರು. ಯಾರಿಗೆ ಏನು ಕೆಲಸ ಬರುತ್ತದೆ ಎಂದೆ. ಯಾರಿಗೂ ಏನೂ ಬರುವುದಿಲ್ಲ ಎಂದರು. ಮುಂದೆ ಕೂತಿದ್ದ ಒಬ್ಬಾಕೆ ಮೆಲ್ಲಗೆ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ಓಲೆ ಮುಚ್ಚಿಕೊಂಡರು. ಪಕ್ಕದ ಮನೆಯಲ್ಲಿ ತಿರುಗುತ್ತಿದ್ದ ಮಿಕ್ಸಿ ಕೂಡ ತಟ್ಟನೆ ನಿಂತಿತು. ಸರ್ವೆಯವರು ಬಂದಿದ್ದಾರೆ, ಇದ್ದದ್ದು ಹೇಳಿದರೆ ರೇಷನ್ ಕಾರ್ಡು ಹೋಗುತ್ತದೆ ಎಂದು ಬೀದಿಗೆ ಬೀದಿಯೇ ತೀರ್ಮಾನಿಸಿಬಿಟ್ಟಿತ್ತು. ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಇನ್ನೂ ಶುದ್ಧವಾದ ಕನ್ನಡ ಮಾತಾಡುತ್ತೇನೆ. ಅದನ್ನು ಕೇಳಿ ಅವರು ಇನ್ನೂ ಹೆದರಿದರು.

ನನ್ನನ್ನು ಕಾಪಾಡಿದ್ದು ಬೀದಿಯ ಹಿರಿಯಾಕೆ. ಎಪ್ಪತ್ತು ದಾಟಿದ ಗಟ್ಟಿ ಮುದುಕಿ, ಎಲ್ಲರಿಗೂ ದೊಡ್ಡವ್ವ. ನಾಲ್ಕನೇ ಸಭೆಯ ಹೊತ್ತಿಗೆ, ಈಯಮ್ಮ ಕಾರ್ಡಿಗೆ ಬಂದವರಲ್ಲ, ಬೇರೆ ಕೆಲಸವಿಲ್ಲದೆ ಬಂದವರು ಎಂದು ಎಲ್ಲರಿಗೂ ಹೇಳಿ ನಂಬಿಸಿದ್ದರಂತೆ. ನಾನು ತಂದಿದ್ದ ದೊಡ್ಡ ಕಾಗದ, ಸ್ಕೆಚ್ ಪೆನ್ನುಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ. ನೀವೇ ಬರೆಯಿರಿ, ನಿಮ್ಮ ಅಕ್ಷರ ದುಂಡಗಿದೆ ಎಂದು ನನ್ನ ಕಡೆಗೇ ತಳ್ಳಿದರು. ರಂಗೋಲಿಯಲ್ಲಾದರೆ ಬರೆಯುತ್ತೇವೆ ಎಂದು ದಾರಿ ತೋರಿಸಿದ್ದೂ ದೊಡ್ಡವ್ವನೇ.

ಮಾರನೆಯ ದಿನ ಗುಡಿಯ ಮುಂದಿನ ನೆಲ ಗುಡಿಸಿ, ನೀರು ಹಾಕಿ, ಬೀದಿಯನ್ನು ಬರೆದರು. ಅಂಥ ನಕ್ಷೆಯನ್ನು ನಾನು ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. ಮನೆಗೊಂದು ಚೌಕ, ಚೌಕದ ಒಳಗೆ ಆ ಮನೆಯ ಬಾಗಿಲಿಗೆ ದಿನಾ ಹಾಕುವ ರಂಗೋಲಿಯ ಎಳೆಯೇ. ಯಾರ ಮನೆ ಎಂದು ಕೇಳುವ ಅಗತ್ಯವೇ ಇರಲಿಲ್ಲ, ಎಳೆ ನೋಡಿದರೆ ಬೀದಿಯವರಿಗೆ ಗೊತ್ತಾಗುತ್ತಿತ್ತು. ಗುಡಿಯಿಂದ ಎಡಕ್ಕೆ ಎರಡು ಮನೆ, ಆಮೇಲೆ ಒಂದು ಮನೆಯಷ್ಟು ಬರಿ ನೆಲ, ಮತ್ತೆ ಸಾಲು. ಬರಿ ನೆಲವನ್ನು ನೋಡಿದೆ. ಬಡಾವಣೆಯವರು ಇನ್ನೂ ಕಟ್ಟದ ಸೈಟು ಎಂದುಕೊಂಡೆ. ಆಟೋದಲ್ಲಿ ಗುಡಿಯ ಮುಂದೆಯೇ ಇಳಿದು ಅಲ್ಲಿಂದಲೇ ಮರಳುತ್ತಿದ್ದವಳು ಬೀದಿಯ ಒಳಗೆ ಒಂದು ಹೆಜ್ಜೆಯೂ ಇಟ್ಟಿರಲಿಲ್ಲ, ಈಗ ತಲೆ ಎತ್ತಿ ಆ ಕಡೆ ನೋಡಲೂ ಇಲ್ಲ. ಕೇಳಲಿಲ್ಲ.

ಅದೇ ದಿನ, ಬೀದಿಯಲ್ಲಿ ಇಲ್ಲದ್ದರ ಪಟ್ಟಿಯೂ ಆಯಿತು. ಎಲ್ಲಕ್ಕಿಂತ ಜೋರಾಗಿ ಬಂದದ್ದು ಹಿಟ್ಟಿನ ಮಿಲ್ಲು. ಮುದ್ದೆ ಉಣ್ಣುವ ಜನ, ಪ್ಯಾಕೆಟ್ ಹಿಟ್ಟು ಬಾಯಿಗೆ ಹತ್ತುವುದಿಲ್ಲ. ರಾಗಿ ಬೀಸಿಸಲು ಡಬ್ಬ ಹೊತ್ತುಕೊಂಡು ದೊಡ್ಡ ರಸ್ತೆ ದಾಟಬೇಕು, ಅಲ್ಲಿ ಲಾರಿಗಳ ಕಾಟ, ಮಿಲ್ಲಿನಲ್ಲಿ ಗಂಟೆಗಟ್ಟಲೆ ಕಾಯಬೇಕು. ಮೊದಲು ಹೇಗೆ ಮಾಡುತ್ತಿದ್ದಿರಿ ಎಂದು ಕೇಳಿದ್ದರೆ ಅಲ್ಲೇ ಎಲ್ಲ ತಿಳಿಯುತ್ತಿತ್ತು. ನನಗೆ ಉತ್ತರ ಆಗಲೇ ಹೊಳೆದುಬಿಟ್ಟಿತ್ತು. ಮಿಲ್ಲು ಬೇಕು, ಜಾಗ ಖಾಲಿ ಇದೆ, ಇನ್ನೇನು ಬೇಕು?

ನಕ್ಷೆಯನ್ನು ಹೆಂಗಸರು ಕಾಗದಕ್ಕೆ ಇಳಿಸತೊಡಗಿದರು. ಒಂದೊಂದು ಗೆರೆಗೂ ಒಂದೊಂದು ಚರ್ಚೆ. ನನಗೆ ತಡೆಯಲಾಗಲಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ನಾನೇ ಮನೆಯಲ್ಲಿ ಬರೆದು ತರುತ್ತೇನೆ ಎಂದೆ. ಬೀದಿ ಪೂರ್ತಿ ನಡೆಯುವ ಕೆಲಸವನ್ನೂ ಮುಂದೂಡಿದೆ, ಮೊಣಕಾಲು ನೋಯುತ್ತಿತ್ತು. ಪ್ರತಿ ವರ್ಷ ಮಕ್ಕಳನ್ನು ಶಾಲೆಯ ಸುತ್ತ ನಡೆಸಿ, ನಕ್ಷೆಯನ್ನು ನೆಲ ನೋಡಿ ತಿದ್ದಬೇಕು ಎಂದು ಗದರುತ್ತಿದ್ದವಳು ನಾನೇ. ಲಕ್ಷ್ಮೀಪುರದ ಮನೆಯ ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು, ಸ್ಕೇಲು ಇಟ್ಟು ಗೆರೆ ಎಳೆದು, ಆ ಬರಿ ನೆಲದ ಮೇಲೆ ನನ್ನ ದುಂಡನೆಯ ಅಕ್ಷರದಲ್ಲಿ ‘ಖಾಲಿ ಜಾಗ’ ಎಂದು ಬರೆದೆ. ಬಣ್ಣವನ್ನೂ ತುಂಬಿದೆ, ತಿಳಿ ಹಸಿರು.

ಬುಧವಾರ ಜಗಲಿಯ ಮೇಲೆ ಯೋಜನೆಯನ್ನು ಓದಿದೆ. ಚರಂಡಿ, ಬೀದಿ ದೀಪ, ಎಲ್ಲ ಆಯಿತು. ಕೊನೆಯದಾಗಿ ಸ್ವಲ್ಪ ದನಿ ಏರಿಸಿ, ಗುಡಿಯಿಂದ ಮೂರನೆಯದಾದ ಖಾಲಿ ಜಾಗವನ್ನು ಮಂಜೂರು ಮಾಡಿಸಿಕೊಂಡು, ಅಲ್ಲಿ ಮಹಿಳಾ ಸಂಘದ ವತಿಯಿಂದ ಹೊಸ ಹಿಟ್ಟಿನ ಮಿಲ್ಲು ಹಾಕುವುದು ಎಂದು ಓದಿ ತಲೆ ಎತ್ತಿದೆ. ಚಪ್ಪಾಳೆ ಬರುತ್ತದೆ ಎಂದುಕೊಂಡಿದ್ದೆ. ಎಲ್ಲರೂ ನೆಲ ನೋಡುತ್ತಿದ್ದರು. ಗುಡಿಯ ಪಕ್ಕದ ನಲ್ಲಿಯ ಹತ್ತಿರ ಒಬ್ಬಾಕೆ ಕೊಡ ಹಿಡಿದು ನಿಂತಿದ್ದರು. ನಲವತ್ತೈದರ ಆಸುಪಾಸು, ಬರಿ ಹಣೆ. ಅವರನ್ನು ನಾನು ಒಂದು ಸಭೆಯಲ್ಲೂ ಕಂಡಿರಲಿಲ್ಲ.

“ಆ ಜಾಗದಲ್ಲಿ ನಾನು ಇವ್ನಿ ಮೇಡಂ,” ಎಂದರು. “ಮಿಲ್ಲೂ ಅದೆ.”

ದನಿಯಲ್ಲಿ ಸಿಟ್ಟಿರಲಿಲ್ಲ. ವಿಳಾಸ ಕೇಳಿದವರಿಗೆ ಹೇಳುವ ಹಾಗೆ ಹೇಳಿ, ಅರ್ಧ ತುಂಬಿದ ಕೊಡ ಎತ್ತಿಕೊಂಡು ಹೋಗಿಬಿಟ್ಟರು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ನನ್ನ ಸ್ವಭಾವಕ್ಕೆ ತಕ್ಕ ಹಾಗೆ ಮೊದಲು ಎಗರಿದ್ದು ಮಾತ್ರ ಅಲ್ಲಿದ್ದ ಹೆಂಗಸರ ಮೇಲೆ. ಇರುವ ಮನೆಯನ್ನು ಬರೆಯದೆ, ಇರುವ ಮಿಲ್ಲನ್ನು ಇಲ್ಲ ಎಂದು ಹೇಳಿ ನನ್ನ ಕೈಲಿ ಹೀಗೆ ಮಾಡಿಸಬಹುದೇ ಎಂದು ಕೂಗಾಡಿದೆ.

ದೊಡ್ಡವ್ವ ನನ್ನ ಕೂಗು ಮುಗಿಯುವ ತನಕ ಕಾದರು. “ಗಂಡ ತೀರ್ಕಂಡು ಏಳ್ ತಿಂಗ್ಳಾಗದೆ. ವರ್ಷದ ತಿಥಿ ಆಗೋಗಂಟ ಆ ಬಾಗ್ಲಿಗೆ ರಂಗೋಲಿ ಬೀಳಲ್ಲ ಕಣಮ್ಮ. ನಾವು ಎಂಗೆ ಬರೆಯನ? ನಿಮ್ಗೂ ಗೊತ್ತಿರ್ತದೆ ಅಂದ್ಕಂಡೋ.”

ನನಗೆ ಗೊತ್ತಿತ್ತು. ಅಪ್ಪ ತೀರಿಕೊಂಡ ವರ್ಷ ನಮ್ಮ ಮನೆಯ ಬಾಗಿಲಿಗೂ ಅಮ್ಮ ರಂಗೋಲಿ ಇಟ್ಟಿರಲಿಲ್ಲ. ಬೆಳಿಗ್ಗೆ ಗುಡಿಸಿ, ನೀರು ಹಾಕಿ, ನೆಲವನ್ನು ಹಾಗೇ ಬಿಟ್ಟು ಒಳಗೆ ಬರುತ್ತಿದ್ದರು. ಆ ಬರಿ ನೆಲ ದಾಟಿಕೊಂಡೇ ನಾನು ವರ್ಷವಿಡೀ ಶಾಲೆಗೆ ಹೋಗಿದ್ದೆ, ನಮ್ಮ ಮನೆಯಲ್ಲಿ ಅಪ್ಪ ಇಲ್ಲ ಎಂಬುದು ಬೀದಿಯಲ್ಲಿ ಹೋಗುವ ಅಪರಿಚಿತರಿಗೂ ಕಾಣುತ್ತದಲ್ಲ ಎಂದು ಸಂಕಟಪಡುತ್ತಿದ್ದೆ. ಅಂಥ ನೆಲವನ್ನು ಕಣ್ಣಾರೆ ಕಂಡು, ಹಸಿರು ಬಣ್ಣ ತುಂಬಿ, ಖಾಲಿ ಎಂದು ಬರೆದಿದ್ದೆ.

ಮಿಲ್ಲಿನ ಮಾತನ್ನೂ ದೊಡ್ಡವ್ವ ಬಿಡಿಸಿ ಹೇಳಿದರು. ಗಂಡ ಹೆಂಡತಿ ಇಬ್ಬರೂ ಇಪ್ಪತ್ತು ವರ್ಷ ನಡೆಸಿದ ಮಿಲ್ಲು. ಸಾವಾದ ದಿನ ಬಾಗಿಲು ಹಾಕಿದ್ದು ಮತ್ತೆ ತೆಗೆದಿಲ್ಲ. ದುಃಖದಲ್ಲಿರುವವಳ ಮನೆಗೆ ಡಬ್ಬ ಹೊತ್ತುಕೊಂಡು ಹೋಗಿ, ರಾಗಿ ಬೀಸಿಕೊಡು ಎಂದು ಕೇಳಲು ಯಾರಿಗೂ ಬಾಯಿ ಬರಲಿಲ್ಲ. ವರ್ಷ ಕಳೆಯಲಿ, ತಾನಾಗಿ ತೆಗೆಯುತ್ತಾಳೆ ಎಂದು ಎಲ್ಲರೂ ದೊಡ್ಡ ರಸ್ತೆ ದಾಟತೊಡಗಿದ್ದರು.

ಮಾರನೆಯ ದಿನ ಒಬ್ಬಳೇ ಆ ಮನೆಗೆ ಹೋದೆ. ಮನೆಯ ಮುಂಭಾಗವೇ ಮಿಲ್ಲು, ಕಬ್ಬಿಣದ ಶಟರ್ ಎಳೆದಿತ್ತು. ಪಕ್ಕದ ಬಾಗಿಲಿನಿಂದ ಒಳಗೆ ಕರೆದು, ಕೂರಿಸಿ, ನೀರು ಕೊಟ್ಟರು. ತಪ್ಪಾಯಿತು ಎಂದೆ. ವಯಸ್ಸಿನಲ್ಲಿ ಚಿಕ್ಕವರ ಮುಂದೆ ಆ ಮಾತು ಹೇಳಿ ನನಗೆ ಅಭ್ಯಾಸವಿಲ್ಲ. ಅವರು ಅದನ್ನು ದೊಡ್ಡದು ಮಾಡಲಿಲ್ಲ. ಮಿಲ್ಲಿನ ಯಂತ್ರ ಮಾರಲು ಮಾತಾಗಿದೆ, ಸೋಮವಾರ ನಂಜನಗೂಡಿನ ಕಡೆಯವರು ಲಾರಿ ತಂದು ಎತ್ತಿಕೊಂಡು ಹೋಗುತ್ತಾರೆ, ಆಮೇಲೆ ಬೇಕಾದರೆ ನಿಮ್ಮ ಕಾಗದದಲ್ಲಿ ಖಾಲಿ ಎಂದೇ ಇರಲಿ ಎಂದರು. ಯಾವಾಗ ಮಾತಾಯಿತು ಎಂದು ಕೇಳಿದೆ. ನಂಜನಗೂಡಿನವರು ಮೊದಲಿನಿಂದ ಕೇಳುತ್ತಲೇ ಇದ್ದರಂತೆ, ಇವರು ನೋಡೋಣ ಎನ್ನುತ್ತಿದ್ದರಂತೆ. ಒಪ್ಪಿಗೆ ಹೇಳಿದ್ದು ಹಿಂದಿನ ಸಂಜೆ, ನಾನು ಯೋಜನೆ ಓದಿದ ಮೇಲೆ.

“ನನ್ ಕೈಯಿಂದ ಹಿಟ್ಟು ಈಸ್ಕೊಳಕ್ಕೆ ಜನಕ್ಕೆ ಮನಸ್ಸಿಲ್ಲ ಅಂತ ಒಳಗೊಳಗೇ ಅನ್ಸದು,” ಎಂದರು. “ನೀವು ಓದುದ್ರಲ್ಲ, ಖಾತ್ರಿ ಆಯ್ತು.”

ನನ್ನ ಬಾಯಿಯ ತುದಿಗೆ ಒಂದು ಭಾಷಣವೇ ಬಂದಿತ್ತು. ಮಾರಬೇಡಿ, ಧೈರ್ಯ ಮಾಡಿ, ನಾನು ಎಲ್ಲರ ಹತ್ತಿರ ಮಾತಾಡುತ್ತೇನೆ. ಜೀವಮಾನದಲ್ಲಿ ಮೊದಲ ಸಲವೋ ಏನೋ, ನುಂಗಿಕೊಂಡೆ. ಮಿಲ್ಲಿನಲ್ಲಿ ನೀವು ಏನೇನು ಕೆಲಸ ಮಾಡುತ್ತಿದ್ದಿರಿ ಎಂದಷ್ಟೇ ಕೇಳಿದೆ. ಅವರು ಎದ್ದು ಒಳಬಾಗಿಲು ತೆರೆದು ಯಂತ್ರದ ಮೇಲಿನ ಹಳೆಯ ದುಪ್ಪಟಿ ಸರಿಸಿದರು. ಗಂಡ ತೂಕ ಹಾಕುತ್ತಿದ್ದರು, ಬಂದವರ ಜೊತೆ ಮಾತಾಡುತ್ತಿದ್ದರು, ಬೀದಿಯ ಸುದ್ದಿಯೆಲ್ಲ ಅವರಿಗೇ ಮೊದಲು ತಿಳಿಯುತ್ತಿತ್ತು ಎನ್ನುವಾಗ ಸಣ್ಣಗೆ ನಕ್ಕರು. ಬೀಸುವ ಕಲ್ಲು ಸವೆದಾಗ ಬಿಚ್ಚಿ ಇಳಿಸಿ, ಉಳಿ ಸುತ್ತಿಗೆ ಹಿಡಿದು ಗೀರುಗಳನ್ನು ಹೊಸದಾಗಿ ಕಡಿಯುವುದು ಮಾತ್ರ ಇವರ ಕೆಲಸ. ಗಂಡನಿಗೆ ತೋಳು ನೋವು, ಮದುವೆಯಾದ ಮರುವರ್ಷದಿಂದಲೇ ಕಲಿತದ್ದಂತೆ. ರಾಗಿಗೆ ಎಷ್ಟು ಆಳ, ಗೋಧಿಗೆ ಎಷ್ಟು ಎಂದು ಬೆರಳಿನಿಂದ ಕಲ್ಲು ಸವರಿ ತೋರಿಸಿದರು. ಈ ಕಲ್ಲು ಮೊಂಡಾಗಿದೆ, ಹೀಗೇ ಕೊಟ್ಟರೆ ತಗೊಂಡವರು ಬೈದುಕೊಳ್ಳುತ್ತಾರೆ ಎಂದೂ ಹೇಳಿದರು. ಅಷ್ಟು ಹೊತ್ತು ಮಾತಾಡಿದರೂ ಮಾರುವುದಿಲ್ಲ ಎನ್ನಲಿಲ್ಲ.

ನಾನು ನೆಟ್ಟಗೆ ದೊಡ್ಡವ್ವನ ಮನೆಗೆ ಹೋಗಿ ಕೇಳಿದ್ದನ್ನೆಲ್ಲ ಹೇಳಿದೆ. ಮುದುಕಿ ಹಣೆ ಚಚ್ಚಿಕೊಂಡರು. ನಾವು ಸಂಕೋಚ ಅಂತ ದೂರ ನಿಂತರೆ, ಅವಳು ಅಸಹ್ಯ ಅಂತ ತಿಳಿದುಕೊಂಡಳಲ್ಲ ಎಂದು ಕಣ್ಣಲ್ಲಿ ನೀರು ಹಾಕಿಕೊಂಡರು. ಮರುದಿನ ಬೆಳಿಗ್ಗೆ ಹೆಂಗಸರೆಲ್ಲ ಸೇರಿ ಹೋಗಿ ಕೇಳುವುದು ಎಂದಾಯಿತು. ಬೆಳಿಗ್ಗೆ ಅವರು ಹೊರಟಾಗ ನಾನೂ ಸೀರೆ ಸರಿಮಾಡಿಕೊಂಡು ಮುಂದೆ ಹೊರಟೆ.

“ನೀವು ಬರಬ್ಯಾಡಿ,” ಎಂದರು ದೊಡ್ಡವ್ವ. “ನೀವು ಬಂದ್ರೆ ಅದು ಮೀಟಿಂಗ್ ಆಗೋಯ್ತದೆ.”

ಹಾಗೆ ಆ ಶುಕ್ರವಾರ ಬೆಳಿಗ್ಗೆ ಜಗಲಿಯ ಮೇಲೆ ಒಬ್ಬಳೇ ಕೂತಿದ್ದೆ. ನನ್ನನ್ನು ಬಿಟ್ಟುಹೋದರೆಂದು ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ. ಅವರು ಒಳಗೆ ಹೋಗಿ ಬಹಳ ಹೊತ್ತಾಯಿತು. ಅಳುವ ದನಿ ಕೇಳಿಸಿತು, ಆಮೇಲೆ ಮಾತು, ಆಮೇಲೆ ಏನೂ ಇಲ್ಲ. ಏನಾಯಿತು ಎಂದು ಹೊರಗೆ ಬಂದವರನ್ನು ಕೇಳಿದರೆ, ಏನೂ ಹೇಳಲಿಲ್ಲ, ನೋಡೋಣ ಎಂದಳು ಅಂದರು. ಲಾರಿಯವರಿಗೆ ಬೇಡ ಎಂದು ಹೇಳಿದರೇ ಎಂದೆ. ಅದನ್ನು ಕೇಳುವುದಕ್ಕೆ ನಾವು ಯಾರು ಎಂದು ನನ್ನನ್ನೇ ಗದರಿದರು. ಮಧ್ಯಾಹ್ನದ ಹೊತ್ತಿಗೆ ಶಟರಿನ ಹಿಂದಿನಿಂದ ಟಕ್ ಟಕ್ ಎಂದು ಉಳಿಯ ಸದ್ದು ಶುರುವಾಯಿತು. ಕಲ್ಲು ಕಡಿಯುವುದು ತಾನು ಓಡಿಸುವುದಕ್ಕೋ, ಕೊಂಡವರು ಬೈದುಕೊಳ್ಳಬಾರದು ಎಂದೋ, ಬೀದಿಯಲ್ಲಿ ಒಬ್ಬರಿಗೂ ತಿಳಿಯದು.

ಆ ಎರಡು ದಿನ ನಾವು ಸುಮ್ಮನೆ ಕೂರಲಿಲ್ಲ. ನನ್ನ ಚೆಂದದ ನಕ್ಷೆಯನ್ನು ನಾನೇ ಹರಿದೆ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ಹೆಂಗಸರ ಹಿಂದೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಡೆದೆ. ಒಂದೊಂದು ಮನೆಯ ಮುಂದೆ ನಿಂತಾಗಲೂ ಒಂದೊಂದು ಕಥೆ ಹೊರಗೆ ಬಂತು. ಒಬ್ಬರ ಸೊಸೆ ನರ್ಸು, ಬೀದಿಯ ಬಾಣಂತಿಯರನ್ನೆಲ್ಲ ಸಂಜೆ ನೋಡಿ ಬರುತ್ತಾಳೆ. ಒಬ್ಬರ ಗಂಡನಿಗೆ ಹಳೆಯ ಚರಂಡಿ ನೆಲದಡಿಯಲ್ಲಿ ಎಲ್ಲಿ ತಿರುಗುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಲು ಬರುತ್ತದೆ. ಮೊದಲ ದಿನ ಓಲೆ ಮುಚ್ಚಿಕೊಂಡಿದ್ದವರು ನೂರು ಜನಕ್ಕೆ ಒಬ್ಬರೇ ಅಡುಗೆ ಮಾಡಬಲ್ಲವರು. ಏನೂ ಇಲ್ಲ ಎಂದಿದ್ದವರು ಈಗ, ಅದನ್ನೂ ಬರೆಯಿರಿ ಎಂದು ಜಗಳಕ್ಕೆ ಬರುತ್ತಿದ್ದರು. ಬರೆಯುವುದು ನನ್ನ ಕೆಲಸವಲ್ಲ ಎಂದು ಪೆನ್ನನ್ನು ಅವರ ಕೈಗೆ ಕೊಟ್ಟೆ. ನೆಲದ ಮೇಲೆ ನಕ್ಷೆಯನ್ನು ಮತ್ತೆ ಬರೆದರು. ಮೂರನೆಯ ಮನೆಯ ಜಾಗಕ್ಕೆ ಈಗಲೂ ರಂಗೋಲಿ ಬೀಳಲಿಲ್ಲ, ಪದ್ಧತಿ ಪದ್ಧತಿಯೇ. ಒಂದು ಹೆಂಚಿನ ಚೂರನ್ನು ಇಟ್ಟು, ಇದು ಮಿಲ್ಲು ಎಂದರು.

ಭಾನುವಾರ ಹತ್ತು ಗಂಟೆಗೆ ಶಟರು ಮೇಲೆ ಹೋಯಿತು. ಈ ಸಲ ನನ್ನನ್ನೂ ಕರೆದರು. ಹೆಂಗಸರು ಡಬ್ಬ ಹಿಡಿದು ಬಾಗಿಲ ಮುಂದೆ ಸಾಲಾಗಿ ನಿಂತಿದ್ದರು. ಸೋಮವಾರದ ಲಾರಿಯ ಮಾತನ್ನು ಯಾರೂ ಎತ್ತಲಿಲ್ಲ, ಆಕೆಯೂ ಹೇಳಲಿಲ್ಲ. ಬೆಲ್ಟಿನ ಬಿಗಿ ನೋಡಿದರು, ಕಲ್ಲಿನ ತಿರುಪು ನೋಡಿದರು. ಎಲ್ಲ ಮುಗಿಸಿ ಸೆರಗು ಸಿಕ್ಕಿಸಿಕೊಂಡು ಯಾರ ಮುಖವನ್ನೂ ನೋಡದೆ ನಿಂತರು. ಮೊದಲ ಹೆಜ್ಜೆ ಇಟ್ಟದ್ದು ದೊಡ್ಡವ್ವ. ತುಂಬಿದ ರಾಗಿ ಡಬ್ಬವನ್ನು ತಕ್ಕಡಿಯ ಪಕ್ಕ ಇಟ್ಟರು.

“ಬ್ಯಾಡ ದೊಡ್ಡವ್ವ,” ಎಂದರು ಆಕೆ. “ಹೊಸದಾಗಿ ಕಡ್ದಿರೋ ಕಲ್ಲು. ಮೊದಲ್ನೇ ಹಿಟ್ಟಲ್ಲಿ ಕಲ್ಲಿನ ಪುಡಿ ಬರ್ತದೆ, ಉಣ್ಣಕ್ಕಾಗಲ್ಲ.”

“ದನಕ್ಕೆ ಹಾಕ್ತೀನಿ ಬುಡು,” ಎಂದರು ದೊಡ್ಡವ್ವ.

ದೊಡ್ಡವ್ವನ ಮನೆಯಲ್ಲಿ ದನ ಇರಲಿಲ್ಲ. ಮೇಯಿಸಲು ಬಯಲಿಲ್ಲದೆ ಕೊನೆಯ ಹಸುವನ್ನು ಮಾರಿ ಎಷ್ಟೋ ವರ್ಷವಾಗಿತ್ತು. ಕೊಟ್ಟಿಗೆಯ ಜಾಗದಲ್ಲಿ ಈಗ ಮೊಮ್ಮಗನ ಆಟೋ ನಿಲ್ಲುತ್ತಿತ್ತು. ಇದು ಅಲ್ಲಿ ನಿಂತಿದ್ದ ಪ್ರತಿಯೊಬ್ಬರಿಗೂ ಗೊತ್ತು, ಮಿಲ್ಲಿನಾಕೆಗೂ ಗೊತ್ತು. ನಾನು ಮುಖ ಆಚೆ ತಿರುಗಿಸಿಕೊಂಡೆ.

ಆಕೆ ತಲೆ ಎತ್ತಿ ದೊಡ್ಡವ್ವನ ಮುಖ ನೋಡಿದರು. ಆಮೇಲೆ ಸ್ವಿಚ್ಚು ಹಾಕಿದರು. ಇಡೀ ಬೀದಿಗೆ ಕೇಳುವ ಹಾಗೆ ಮಿಲ್ಲು ಹೊರಟಿತು. ಡಬ್ಬ ಎತ್ತಿ ರಾಗಿಯನ್ನು ನಿಧಾನವಾಗಿ ಸುರಿದರು. ಕೆಳಗಿನ ಬಟ್ಟೆಯ ಚೀಲದಿಂದ ಇಳಿದ ಹಿಟ್ಟನ್ನು ಬೆರಳ ನಡುವೆ ಉಜ್ಜಿ ನೋಡಿ, ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಉಜ್ಜಿ ನೋಡಿದರು. ಪೂರ್ತಿ ಬೀಸಿ ಮುಗಿದ ಮೇಲೆ ಡಬ್ಬದ ಮುಚ್ಚಳ ಹಾಕಿ, ತಾವೇ ಎತ್ತಿ ದೊಡ್ಡವ್ವನ ಸೊಂಟಕ್ಕೆ ಕೊಟ್ಟರು. ಯಂತ್ರದ ಸದ್ದಿನಲ್ಲಿ ಕೇಳಿಸಲಿ ಎಂದು ಕಿವಿಯ ಹತ್ತಿರ ಬಾಗಿ ಹೇಳಿದರೂ, ನಮಗೆಲ್ಲ ಕೇಳಿಸಿತು.

“ನಾಳೀಕೆ ಇನ್ನೊಂದು ಡಬ್ಬ ತಕ್ಕಂಡ್ ಬಾ ದೊಡ್ಡವ್ವ. ಉಣ್ಣೋ ಹಿಟ್ಟು ಬೀಸ್ಕೊಡ್ತೀನಿ.”